ಬಾಗಿಲಿದ್ದ ಗೂಡು

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೆ ಹೆಚ್ಚು ಜಾಗವಿತ್ತು. ಕನಕಪುರದ ಕಡೆಯ ಆ ಐದಂಕಣದ ಹೆಂಚಿನ ಮನೆಯಲ್ಲಿ ಮೂರು ಅಂಕಣಗಳು ರೇಷ್ಮೆ ಹುಳುವಿನ ತಟ್ಟೆಗಳಿಗೆ ಮೀಸಲಾಗಿದ್ದವು. ಉಳಿದೆರಡರಲ್ಲಿ ನಾವು ಏಳು ಜನ, ಒಂದು ಒಲೆ ಮತ್ತು ದೇವರ ಪಟಗಳು. ಹುಳು ಮನೆಯಲ್ಲಿರುವ 25–28 ದಿನಗಳ ಕಾಲ ಊದುಬತ್ತಿ ಹಚ್ಚುವಂತಿರಲಿಲ್ಲ, ಸೊಳ್ಳೆಯ ಹೊಗೆ ಹಾಕುವಂತಿರಲಿಲ್ಲ, ಅಪ್ಪ ತನ್ನ ಬೀಡಿಯನ್ನು ಹೊಲದ ಬದುವಿನಲ್ಲೇ ಸೇದಿ ಮುಗಿಸಿ ಕೈ ತೊಳೆದು ಒಳಗೆ ಬರುತ್ತಿದ್ದ. ಹುಳು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಕುಳಿತು ಪೊರೆ ಕಳಚುವುದಕ್ಕೆ ನಮ್ಮ ಕಡೆ ‘ಜ್ವರ’ ಎನ್ನುತ್ತಾರೆ. ನಾಲ್ಕು ಜ್ವರಗಳನ್ನು ದಾಟಿದ ಹುಳು ಹುಟ್ಟಿದಾಗಿನ ತನ್ನ ತೂಕದ ಸುಮಾರು 10,000 ಪಟ್ಟು ಬೆಳೆದಿರುತ್ತದೆ, ಮತ್ತು ಆ ಬೆಳವಣಿಗೆಯ ಸೊಪ್ಪಿನ ಬಹುಪಾಲನ್ನು ಕೊನೆಯ ವಾರದಲ್ಲೇ ತಿಂದಿರುತ್ತದೆ. ಆಗಿನ ಆ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ನನ್ನ ಮಟ್ಟಿಗೆ ಅದು ತಿರುವುಮುರುವಾಗಿದೆ: ಎಲೆಗಳ ಮೇಲೆ ಜಡಿಮಳೆ ಬೀಳುವುದನ್ನು ಎಲ್ಲಿ ಕೇಳಿದರೂ, ಯಾರೋ ಸೊಪ್ಪು ಹಾಕಿದ್ದಾರೆ ಎಂದೇ ನನಗೆ ಮೊದಲು ಅನ್ನಿಸುತ್ತದೆ.

ಇಷ್ಟು ವರ್ಷ ಹುಳುವಿನ ಜೊತೆ ಮಲಗಿ ಎದ್ದರೂ ನಾನು ಅದರ ಚಿಟ್ಟೆಯನ್ನು ನೋಡಿದ್ದು ತೀರ ಕಡಿಮೆ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ, ಎಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಟ್ಟು ಐದಾರು ದಿನಗಳಾದ ಮೇಲೆ ಗೂಡು ಬಿಡಿಸಿ, ಚೀಲಕ್ಕೆ ತುಂಬಿ, ರಾತ್ರೋರಾತ್ರಿ ರಾಮನಗರದ ಮಾರುಕಟ್ಟೆಗೆ ಸಾಗಿಸುತ್ತಿದ್ದೆವು. ಇನ್ನೊಂದು ವಾರ ಹಾಗೆಯೇ ಬಿಟ್ಟರೆ ಒಳಗಿನ ಕೋಶವು ಚಿಟ್ಟೆಯಾಗಿ, ಬಾಯಿಂದ ಒಸರುವ ದ್ರವದಿಂದ ಗೂಡಿನ ತುದಿಯನ್ನು ನೆನೆಸಿ, ಎಳೆಗಳನ್ನು ಸರಿಸಿಕೊಂಡು ಹೊರಗೆ ಬರುತ್ತದೆ. ಹಾಗೆ ತೂತಾದ ಗೂಡನ್ನು ನೂಲು ಬಿಚ್ಚುವವರು ಕೈಯಲ್ಲಿ ಮುಟ್ಟುವುದಿಲ್ಲ, ಏಕೆಂದರೆ ಗೂಡಿನ ಬೆಲೆಯಿರುವುದೇ ನೂರಾರು ಮೀಟರ್ ಉದ್ದಕ್ಕೆ, ಒಳ್ಳೆಯ ತಳಿಯಾದರೆ ಒಂದು ಕಿಲೋಮೀಟರಿಗೂ ಮೀರಿ, ಕಡಿಯದೆ ಬರುವ ಒಂದೇ ಎಳೆಯಲ್ಲಿ. ಒಮ್ಮೆ, ನಾನು ಏಳೆಂಟು ವರ್ಷದವನಿದ್ದಾಗ, ಚಂದ್ರಿಕೆಯ ಮೂಲೆಯೊಂದರಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಎರಡು ಗೂಡುಗಳಿಂದ ಬೆಳ್ಳಗಿನ, ಮುದ್ದೆಯಂಥ ಎರಡು ಜೀವಗಳು ಹೊರಬಂದು, ಗೋಡೆಗೆ ಅಂಟಿಕೊಂಡು ರೆಕ್ಕೆ ಬಡಿಯುತ್ತಿದ್ದವು, ಹಾರುತ್ತಿರಲಿಲ್ಲ. ಅಜ್ಜಿ ಗೂಡನ್ನು ಎರಡು ಬೆರಳುಗಳ ನಡುವೆ ತಿರುಗಿಸಿ, ತೂತನ್ನು ನೋಡಿ, ‘ಹೋಯ್ತು’ ಎಂದಳು. ಹೋಯಿತೆಂದು ಅವಳು ಹೇಳಿದ್ದು ಗೂಡಿನ ಬಗ್ಗೆ. ಚಿಟ್ಟೆಗಳ ವಿಷಯ ಯಾರೂ ಏನೂ ಹೇಳಲಿಲ್ಲ.

ಕಳೆದ ವರ್ಷ ಆಶ್ಲೇಷಾ ಮಳೆಯ ದಿನಗಳಲ್ಲಿ ಶಿರಸಿಯ ಕಡೆಯ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಅಡಿಕೆ ತೋಟದವರಿಗೆ ಅದು ನೆಂಟರನ್ನು ಕರೆಯುವ ಕಾಲವಲ್ಲ. ಕೊಳೆರೋಗದ ಹೆದರಿಕೆಯಲ್ಲಿ, ಎರಡನೆಯ ಸಲದ ಬೋರ್ಡೋ ಮದ್ದು ಹೊಡೆಯಲು ಮಳೆ ಬಿಟ್ಟ ಎರಡು ತಾಸಿನ ಹೊಳವಾದರೂ ಸಿಕ್ಕೀತೇ ಎಂದು ಅವರು ಆಕಾಶ ನೋಡುತ್ತ ಕುಳಿತಿರುತ್ತಾರೆ. ಜಗುಲಿಯಲ್ಲಿ ಕುಳಿತು ಮಳೆಯ ಸೊಗಸನ್ನು ಹೊಗಳುವ ಬಯಲುಸೀಮೆಯ ಅತಿಥಿಯನ್ನು ಅವರು ಸಹಿಸಿಕೊಳ್ಳುವುದೇ ಒಂದು ಔದಾರ್ಯ. ಎರಡನೆಯ ದಿನ ಬೆಳಿಗ್ಗೆ ಗೆಳೆಯನ ತಾಯಿ ಕೊಟ್ಟಿಗೆಯ ಹಿಂದಕ್ಕೆ ಹೋದವರು ಅಲ್ಲಿಂದಲೇ ಕೂಗಿದರು: ‘ತಮಾ, ಇಲ್ಲಿ ಬಂದು ನೋಡು. ದೊಡ್ಡ ಹಾತೆ ಹೊರಗೆ ಬಂದಿದೆ.’ ನಾನು ಛತ್ರಿಯನ್ನೂ ತೆಗೆದುಕೊಳ್ಳದೆ ಓಡಿದೆ. ‘ಹತ್ತಿರ ಹೋಗು, ಆದರೆ ಮುಟ್ಟಬೇಡ’ ಎಂದು ಅವರು ಬಾಳೆಲೆಯೊಂದನ್ನು ನನ್ನ ತಲೆಗೆ ಹಿಡಿಯಲು ಕೊಟ್ಟು, ತಮ್ಮ ಕೆಲಸಕ್ಕೆ ಹೋದರು.

ಕೊಟ್ಟಿಗೆಯ ಹಿಂಬದಿಯಲ್ಲಿ ಆಳೆತ್ತರದ ದಾಲ್ಚಿನ್ನಿ ಮರವೊಂದಿತ್ತು. ಅದರ ಕೆಳಗೊಂಬೆಯಲ್ಲಿ ಒಣಗಿ ಕಂದಾದ ಒಂದು ಎಲೆ, ಬೀಳಬೇಕಾಗಿದ್ದರೂ ಬೀಳದೆ, ತೂಗಾಡುತ್ತಿತ್ತು. ಹತ್ತಿರದಿಂದ ನೋಡಿದಾಗ ಅದರ ಗುಟ್ಟು ತಿಳಿಯಿತು: ಎಲೆಯ ತೊಟ್ಟನ್ನು ರೇಷ್ಮೆಯಿಂದ ಕೊಂಬೆಗೆ ಸುತ್ತಿ ಸುತ್ತಿ ಬಿಗಿಯಲಾಗಿತ್ತು, ಎಲೆಯೊಳಗೆ ನನ್ನ ಹೆಬ್ಬೆರಳಿಗಿಂತ ಉದ್ದನೆಯ, ಬೂದುಗಂದು ಬಣ್ಣದ, ಕಾಗದದಂಥ ಗೂಡಿತ್ತು. ಎಲೆ ಸತ್ತರೂ ಉದುರದಂತೆ ಹುಳು ಮೊದಲು ತೊಟ್ಟಿಗೆ ಕಟ್ಟು ಹಾಕಿ, ಆಮೇಲೆ ಒಳಗೆ ಸೇರಿಕೊಂಡಿತ್ತು. ಗೂಡಿನ ಕೆಳಗೆ ನೇತುಬಿದ್ದಿತ್ತು ಆ ಜೀವ. ರೆಕ್ಕೆಗಳು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ನೆನೆದ ವೀಳ್ಯದೆಲೆಗಳ ಕಟ್ಟಿನಂತೆ ಸುಕ್ಕುಸುಕ್ಕಾಗಿ ಜೋತಿದ್ದವು. ಮೈಯಲ್ಲಿನ ದ್ರವವನ್ನು ಅದು ರೆಕ್ಕೆಯ ನರಗಳಿಗೆ ಒತ್ತಿ ಒತ್ತಿ ಕಳಿಸುತ್ತಿದ್ದಂತೆ ಒಂದೊಂದೇ ಮಡಿಕೆ ಬಿಡಿಸಿಕೊಂಡು, ಒಂದು ತಾಸಿನೊಳಗೆ ನಾಲ್ಕೂ ರೆಕ್ಕೆಗಳು ಹರವಿಕೊಂಡವು. ಗೆಳೆಯನ ಮಗಳ ಜಾಮಿಟ್ರಿ ಪೆಟ್ಟಿಗೆಯಿಂದ ಅಳತೆಪಟ್ಟಿ ತರಿಸಿ, ತಾಗದಂತೆ ದೂರದಿಂದ ಹಿಡಿದು ನೋಡಿದೆವು. ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತಿರ ಹತ್ತಿರ 21 ಸೆಂಟಿಮೀಟರ್.

ಬಣ್ಣವನ್ನು ಹೇಳುವುದು ಕಷ್ಟ. ಕಾಚು, ಇಟ್ಟಿಗೆ, ಹಳೆಯ ಅಡಿಕೆಯ ಸಿಪ್ಪೆ, ಇವೆಲ್ಲ ಅದರಲ್ಲಿದ್ದವು. ಮಧ್ಯೆ ಬಿಳಿ, ಕಪ್ಪು, ನಸುಗೆಂಪು ಗೆರೆಗಳು ಕಂಬಳಿಯ ಅಂಚಿನಂತೆ ಹಾದುಹೋಗಿದ್ದವು. ಪ್ರತಿ ರೆಕ್ಕೆಯ ನಡುವೆಯೂ ಮುಮ್ಮೂಲೆಯ ಒಂದು ಕಿಟಕಿ. ಅಲ್ಲಿ ಬಣ್ಣದ ಹುಡಿಯೇ ಇಲ್ಲ. ಅದರ ಮೂಲಕ ಹಿಂದಿನ ಎಲೆಯ ಹಸಿರು ಕಾಣುತ್ತಿತ್ತು. ಇಷ್ಟು ದೊಡ್ಡ ರೆಕ್ಕೆಗಳ ನಡುವೆ ಮೈ ಮಾತ್ರ ಚಿಕ್ಕದು, ದೊಡ್ಡ ಪಂಚೆ ಉಟ್ಟ ಹುಡುಗನಂತೆ.

ಇದು ಅಟ್ಲಾಸ್ ಪತಂಗ. 1758ರಲ್ಲಿ ಲಿನ್ನೇಯಸ್ ಈ ಹೆಸರನ್ನು ಇಟ್ಟದ್ದು ಇದರ ಹತ್ತಿರದ ಬಂಧುವಿಗೆ; ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವ ಪ್ರಭೇದವನ್ನು 1880ರ ದಶಕದಲ್ಲಿ ಫ್ರೆಡರಿಕ್ ಮೂರ್ ಬೇರೆಯೆಂದು ಗುರುತಿಸಿ ‘ಅಟ್ಟಾಕಸ್ ಟ್ಯಾಪ್ರೊಬೇನಿಸ್’ ಎಂದು ಕರೆದ. ಟ್ಯಾಪ್ರೊಬೇನ್ ಎಂಬುದು ಶ್ರೀಲಂಕಾಕ್ಕೆ ಹಳೆಯ ಗ್ರೀಕರು ಇಟ್ಟಿದ್ದ ಹೆಸರು. ಶಿರಸಿಯ ಕೊಟ್ಟಿಗೆಯ ಹಿಂದೆ ಹುಟ್ಟಿದ್ದಕ್ಕೆ ಗ್ರೀಕರ ಬಾಯಿಯ ಸಿಂಹಳದ ಹೆಸರು ಅಂಟಿಕೊಂಡಿರುವುದು ನನಗೆ ವಿಚಿತ್ರವೆನಿಸಿದರೂ, ‘ದೊಡ್ಡ ಹಾತೆ’ ಎಂಬ ಮನೆಯ ಹೆಸರು ಇರುವಾಗ ಬೇಸರಪಡಬೇಕಾದ ಕಾರಣವಿಲ್ಲ. ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಅಪರೂಪದ ಬೃಹತ್ ಚಿಟ್ಟೆ ಪತ್ತೆ’ ಎಂಬ ಶೀರ್ಷಿಕೆಯಡಿ ಬರುವ ಚಿತ್ರ ಬಹಳ ಸಲ ಇದರದೇ. ಚಿಟ್ಟೆಯಲ್ಲ, ಪತಂಗ, ಮತ್ತು ಪತ್ತೆಯಾದದ್ದೂ ಅಲ್ಲ, ದಾರಿತಪ್ಪಿ ಬಂದದ್ದು. ಆ ಚಿತ್ರಗಳಲ್ಲಿ ಅದು ಹೆಚ್ಚಾಗಿ ಟ್ಯೂಬ್‌ಲೈಟಿನ ಕೆಳಗೆ, ಸುಣ್ಣದ ಗೋಡೆಗೆ ಅಂಟಿಕೊಂಡಿರುತ್ತದೆ. ಬದುಕಿನ ಒಟ್ಟು ಏಳೆಂಟು ರಾತ್ರಿಗಳಲ್ಲಿ ಒಂದನ್ನು ಬಲ್ಬಿನ ಪಾಲು ಮಾಡಿಕೊಂಡು, ಬೆಳಗಾಗುವಾಗ ಕಾಗೆಯ ಕಣ್ಣಿಗೆ ಬೀಳಲು ಕಾಯುತ್ತಿರುವ ಜೀವದ ಚಿತ್ರವದು.

ಒಟ್ಟು ಏಳೆಂಟು ರಾತ್ರಿ ಎಂದೆ, ಏಕೆಂದರೆ ಇದಕ್ಕೆ ಉಣ್ಣಲು ಬಾಯಿಯಿಲ್ಲ. ಹೂವಿನ ರಸ ಹೀರುವ ಸೊಂಡಿಲು ಹೆಸರಿಗೆ ಮಾತ್ರ ಉಳಿದಿದ್ದು ಕೆಲಸಕ್ಕೆ ಬಾರದು. ಹುಳುವಾಗಿದ್ದಾಗ, ಬಿಳಿಯ ಮೇಣದ ಪುಡಿ ಬಳಿದುಕೊಂಡ ನಸುಹಸಿರು ಮೈಯ, ನಾಲ್ಕು ಅಂಗುಲ ಉದ್ದದ ಹುಳುವಾಗಿದ್ದಾಗ, ತಿಂದು ಕೂಡಿಟ್ಟ ಕೊಬ್ಬೇ ಅದರ ಗಂಟು. ಅದು ಕರಗುವವರೆಗೆ, ಹೆಚ್ಚೆಂದರೆ ಎರಡು ವಾರ, ಅದು ಬದುಕುತ್ತದೆ. ಈ ಸಂಗತಿ ಓದಿದವರೆಲ್ಲ ಮರುಗುತ್ತಾರೆ. ನನಗೆ ಮರುಕ ಹುಟ್ಟಲಿಲ್ಲ. ನಮ್ಮ ಮನೆಯ ರೇಷ್ಮೆ ಚಿಟ್ಟೆಯೂ ಏನನ್ನೂ ತಿನ್ನುವುದಿಲ್ಲ. ತಿನ್ನುವುದೆಲ್ಲ ಹುಳುವಿನ ಕೆಲಸ, ಅದನ್ನು ನಾನು ಕಿವಿತುಂಬ ಕೇಳಿಯೇ ಬೆಳೆದವನು. ನನಗೆ ಹೊಸದೆನಿಸಿದ್ದು, ಆ ತಿಂದದ್ದೆಲ್ಲ ಯಾವ ಕಡೆಗೆ ಹೊರಟಿತ್ತು ಎಂಬುದನ್ನು ಈ ವಯಸ್ಸಿನಲ್ಲಿ ಮೊದಲ ಸಲ ಕಣ್ಣಾರೆ ನೋಡಿದ್ದು.

ಎರಡೂ ಒಂದೇ ಮನೆತನದವಲ್ಲ, ದೂರದ ದಾಯಾದಿಗಳೆನ್ನಬಹುದು. ಹಿಪ್ಪುನೇರಳೆಯ ರೇಷ್ಮೆ ಹುಳು ಬಾಂಬಿಸಿಡೇ ಕುಟುಂಬದ್ದು. ಅಟ್ಲಾಸ್ ಇರುವುದು ಸ್ಯಾಟರ್ನಿಡೇ ಎಂಬ ಕುಟುಂಬದಲ್ಲಿ, ಜಾರ್ಖಂಡದ ಕಾಡುಗಳಲ್ಲಿ ಮತ್ತಿ ಜಾತಿಯ ಮರಗಳ ಮೇಲೆ ಬೆಳೆಯುವ ತಸರ, ಅಸ್ಸಾಮಿನ ಹೊಂಬಣ್ಣದ ಮೂಗಾ, ಹರಳಿನ ಎಲೆ ತಿನ್ನುವ ಎರಿ ಹುಳುಗಳ ಸಾಲಿನಲ್ಲಿ. ನಮ್ಮ ಮಲೆನಾಡಿನಲ್ಲೇ ತಿಳಿಹಸಿರಿನ, ಉದ್ದ ಬಾಲದ ಚಂದ್ರ ಪತಂಗವೂ ಇದೇ ಬಳಗದ್ದು. ಹಿಪ್ಪುನೇರಳೆಯ ಹುಳುವನ್ನು ಚೀನೀಯರು ಸುಮಾರು 5,000 ವರ್ಷಗಳ ಹಿಂದೆಯೇ ಮನೆಯೊಳಗೆ ತಂದುಕೊಂಡರು. ಆ ದೀರ್ಘ ವಾಸದಲ್ಲಿ ಅದು ಬಣ್ಣ ಕಳೆದುಕೊಂಡಿತು, ಹಾರುವುದನ್ನು ಮರೆಯಿತು, ಸೊಪ್ಪನ್ನು ಎದುರಿಗೆ ತಂದು ಹಾಕದಿದ್ದರೆ ಹುಡುಕಿಕೊಂಡು ಹೋಗುವುದನ್ನೂ ಬಿಟ್ಟಿತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನ ಅದನ್ನು ಮೈಸೂರು ಸೀಮೆಗೆ ತರಿಸಿದ್ದರಿಂದ ನಮ್ಮ ಅಜ್ಜಿಯ ಅಜ್ಜಿಗೂ ಅದೇ ಕಸುಬಾಯಿತು. ಅಟ್ಲಾಸನ್ನು ಮಾತ್ರ ಯಾರೂ ಹಾಗೆ ಮನೆಗೆ ಕರೆತರಲಿಲ್ಲ. ಅದರ ಕಾರಣ ಆ ಗೂಡಿನಲ್ಲೇ ಇದೆ: ಅದು ನೂಲುವುದು ಒಂದೇ ಎಳೆಯಾಗಿ ಅಲ್ಲ, ತುಂಡು ತುಂಡಾಗಿ. ಕುದಿನೀರಿನಲ್ಲಿ ಹಾಕಿ, ಎಳೆಯ ತುದಿ ಹಿಡಿದು, ಚರಕಕ್ಕೆ ಏರಿಸಲು ಬರುವುದಿಲ್ಲ. ಹತ್ತಿಯ ಹಾಗೆ ಹಿಂಜಿ ನೂತರೆ ‘ಫಗಾರಾ’ ಎಂಬ ಒರಟು ಕಂದು ರೇಷ್ಮೆ ಸಿಗುತ್ತದೆ. ತೈವಾನಿನಲ್ಲಿ ಖಾಲಿ ಗೂಡನ್ನು ಹಾಗೆಯೇ ಚಿಲ್ಲರೆ ಹಾಕುವ ಚೀಲವಾಗಿ ಬಳಸಿದ್ದುಂಟು. ರಾಮನಗರದ ಹರಾಜಿನಲ್ಲಿ ಇದಕ್ಕೆ ಯಾರೂ ಬೆಲೆ ಕೂಗುವುದಿಲ್ಲ.

ಮಧ್ಯಾಹ್ನವಿಡೀ ಅದು ಅಲುಗಲಿಲ್ಲ. ಒಂದು ಸಲ ಮಾತ್ರ, ಮಡಿವಾಳ ಹಕ್ಕಿಯೊಂದು ಪಕ್ಕದ ಕೊಂಬೆಗೆ ಬಂದು ಕುಳಿತಾಗ, ಮುಂದಿನ ರೆಕ್ಕೆಗಳನ್ನು ನಿಧಾನವಾಗಿ ಮುಂದಕ್ಕೆ ತಂದು ನಡುಗಿಸಿತು. ರೆಕ್ಕೆಯ ತುದಿಯಲ್ಲಿ ಕೊಂಕಿದ ಒಂದು ಚಾಚು, ಅದರಲ್ಲಿ ಕರಿಯ ಚುಕ್ಕೆ; ಪಕ್ಕದಿಂದ ನೋಡಿದರೆ ಅದು ಹಾವಿನ ತಲೆ. ಹಾಂಗ್‌ಕಾಂಗಿನ ಕಡೆಯ ಚೀನೀ ಭಾಷೆಯಲ್ಲಿ ಇದನ್ನು ಹಾವುತಲೆಯ ಪತಂಗವೆಂದೇ ಕರೆಯುತ್ತಾರೆ. ಹಕ್ಕಿ ಹಾವೆಂದು ಹೆದರಿತೋ, ಮಳೆ ಜೋರಾಯಿತೆಂದು ಹೊರಟಿತೋ, ನಾನು ಹಾವೆಂದೇ ನಂಬುತ್ತೇನೆ. ಆದರೆ ರಾತ್ರಿಯ ಶತ್ರುವಿಗೆ ಈ ಚಿತ್ರ ಕಾಣುವುದಿಲ್ಲವಲ್ಲ. ಬಾವಲಿಯು ನೋಡುವುದು ಕಿವಿಯಿಂದ. 2021ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅಟ್ಲಾಸ್ ಮತ್ತು ಅದರ ಬಳಗದ ಪತಂಗಗಳ ಮುಂರೆಕ್ಕೆಯ ತುದಿಯಲ್ಲಿರುವ ಮಡಿಕೆ ಮತ್ತು ಸುಕ್ಕುಗಳು ಬಾವಲಿಯ ಕೂಗನ್ನು ಮೈಗಿಂತಲೂ ಗಟ್ಟಿಯಾಗಿ ಪ್ರತಿಧ್ವನಿಸುತ್ತವೆ; ಬಾವಲಿ ಮೈಯೆಂದು ಭಾವಿಸಿ ಕಚ್ಚುವುದು ರೆಕ್ಕೆಯ ತುದಿಯನ್ನು. ತುದಿ ಹರಿದರೂ ಹಾರಬಹುದು. ಹಗಲಿನ ಹಕ್ಕಿಗೆ ಹಾವಿನ ತಲೆಯೂ, ಇರುಳಿನ ಬಾವಲಿಗೆ ಸುಳ್ಳು ಮೈಯೂ ಆಗಿ, ಒಂದೇ ಅಂಗುಲದ ಆ ತುದಿ ಎರಡು ಪಾಳಿಯಲ್ಲಿ ದುಡಿಯುತ್ತದೆ.

ಅದು ಹೆಣ್ಣೆಂದು ಹೇಳಿದ್ದು ಗೆಳೆಯ. ಹೊಟ್ಟೆ ತುಂಬಿಕೊಂಡಿತ್ತು, ಮೀಸೆಗಳು ಸಣ್ಣಗಿದ್ದವು. ಗಂಡಿನ ಮೀಸೆ ಹಕ್ಕಿಯ ಗರಿಯಂತೆ ಅಗಲವಾಗಿರುತ್ತದೆ. ಗೂಡಿನಿಂದ ಬಂದ ಹೆಣ್ಣು ಮೊದಲ ರಾತ್ರಿ ದೂರ ಹೋಗುವುದಿಲ್ಲ. ಅಲ್ಲೇ ಕುಳಿತು ಹೊಟ್ಟೆಯ ತುದಿಯ ಗ್ರಂಥಿಯನ್ನು ಹೊರಚಾಚಿ ಗಾಳಿಗೆ ತನ್ನ ಗಂಧವನ್ನು ಬಿಡುತ್ತದೆ, ಬರುವವರು ಬರಲಿ ಎಂದು. ಕಾಯೋಣವೇ ಎಂದೆ. ಗೆಳೆಯನಿಗೆ ಮಾರನೆಯ ದಿನ ಹೊಳವಾದರೆ ಮದ್ದು ಹೊಡೆಸುವ ಕೆಲಸವಿತ್ತು, ಆದರೂ ಒಪ್ಪಿದ. ನಾವು ಮಾಡಿದ ಒಂದೇ ಸಿದ್ಧತೆಯೆಂದರೆ ಅಂಗಳದ ಮತ್ತು ಕೊಟ್ಟಿಗೆಯ ದೀಪಗಳನ್ನು ಆರಿಸಿದ್ದು. ಬರುವ ಗಂಡು ಹೆಣ್ಣಿನ ಹಾದಿ ಬಿಟ್ಟು ಬಲ್ಬಿನ ಹಾದಿ ಹಿಡಿಯಬಾರದಲ್ಲ. ಕೊಟ್ಟಿಗೆಯ ಮಾಡಿನ ಕೆಳಗೆ ಎರಡು ಗೋಣಿಚೀಲಗಳನ್ನು ಹಾಸಿಕೊಂಡು, ಕಂಬಳಿ ಹೊದ್ದು, ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ಕುಳಿತೆವು. ಮೂಗಿಗೆ ಬರುತ್ತಿದ್ದದ್ದು ಗಂಜಲದ ವಾಸನೆ ಮತ್ತು ನೆನೆದ ಸೊಪ್ಪಿನ ವಾಸನೆ. ಹತ್ತು ಅಡಿ ದೂರದಲ್ಲಿ ಹೊರಡುತ್ತಿದ್ದ ಕರೆ ನಮಗೆ ಯಾವ ರೀತಿಯಲ್ಲೂ ತಿಳಿಯುವಂತಿರಲಿಲ್ಲ.

ಆ ಕತ್ತಲಲ್ಲಿ ಗೆಳೆಯನಿಗೆ ನಾನು ಎರಡು ಕಥೆ ಹೇಳಿದೆ, ನಿದ್ದೆ ಬಾರದಿರಲೆಂದು. ಒಂದು ಫ್ರಾನ್ಸಿನ ಕೀಟಪ್ರೇಮಿ ಫಾಬ್ರನದು. ಮೇ ತಿಂಗಳ ಒಂದು ಬೆಳಿಗ್ಗೆ ಆತನ ಮನೆಯಲ್ಲಿ ಇದೇ ಬಳಗದ, ಯುರೋಪಿನ ಅತಿ ದೊಡ್ಡ ಪತಂಗದ ಹೆಣ್ಣೊಂದು ಗೂಡಿನಿಂದ ಹೊರಬಂತು. ಅದನ್ನು ತಂತಿಯ ಜಾಲರಿಯ ಕೆಳಗೆ ಮುಚ್ಚಿಟ್ಟ. ಆ ರಾತ್ರಿ ಅವನ ಚಿಕ್ಕ ಮಗ ಮನೆತುಂಬ ಹಕ್ಕಿಗಳಷ್ಟು ದೊಡ್ಡ ಪತಂಗಗಳು ನುಗ್ಗಿವೆಯೆಂದು ಕೂಗಿಕೊಂಡ. ಸುಮಾರು ನಲವತ್ತು ಗಂಡುಗಳು ಎಲ್ಲಿಂದಲೋ ಬಂದಿದ್ದವು. ಇನ್ನೊಂದು ಕಥೆ ನಮ್ಮ ಮನೆಯ ಹುಳುವಿನದೇ. ಜರ್ಮನಿಯ ರಸಾಯನವಿಜ್ಞಾನಿ ಬೂಟೆನಾಂಟ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು, ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳ ಗ್ರಂಥಿಗಳನ್ನು ಕತ್ತರಿಸಿ, ಅವುಗಳಿಂದ ಕೆಲವೇ ಮಿಲಿಗ್ರಾಮಿನಷ್ಟು ವಸ್ತುವನ್ನು ಬೇರ್ಪಡಿಸಿ, 1959ರಲ್ಲಿ ಅದಕ್ಕೆ ‘ಬಾಂಬಿಕಾಲ್’ ಎಂದು ಹೆಸರಿಟ್ಟರು. ಒಂದು ಜೀವ ಇನ್ನೊಂದನ್ನು ಗಂಧದಿಂದ ಕರೆಯುವ ವಸ್ತುವೊಂದರ ರಾಸಾಯನಿಕ ರಚನೆ ಮನುಷ್ಯನಿಗೆ ತಿಳಿದದ್ದು ಅದೇ ಮೊದಲು. ‘ಫೆರೊಮೋನ್’ ಎಂಬ ಮಾತು ಹುಟ್ಟಿದ್ದೂ ಆ ವರ್ಷವೇ. ಸಾವಿರಾರು ವರ್ಷಗಳಿಂದ ಹಾರದ, ಗಂಡು ಹೆಣ್ಣುಗಳನ್ನು ಮನುಷ್ಯನೇ ಒಂದೇ ತಟ್ಟೆಯಲ್ಲಿ ಕೂಡಿಸುವ ಜೀವ, ಕರೆಯುವುದನ್ನು ಮಾತ್ರ ಬಿಟ್ಟಿಲ್ಲ. ‘ಐದು ಲಕ್ಷವಾ?’ ಎಂದ ಗೆಳೆಯ. ಆಮೇಲೆ ಬಹಳ ಹೊತ್ತು ಸುಮ್ಮನಿದ್ದ. ನಿದ್ದೆ ಹೋಗಿದ್ದ ಎಂದು ಆಮೇಲೆ ತಿಳಿಯಿತು.

ಎರಡೂಮುಕ್ಕಾಲರ ಹೊತ್ತಿಗೆ ಮಳೆ ತೆಳುವಾಯಿತು. ಮೊದಲು ಸದ್ದು ಕೇಳಿತು: ಒದ್ದೆ ಬಟ್ಟೆಯನ್ನು ಯಾರೋ ಮೆಲ್ಲಗೆ ಕೊಡವಿದ ಹಾಗೆ, ನಿಂತು ನಿಂತು. ಬಾವಲಿಯೆಂದುಕೊಂಡೆ. ಕೆಂಪು ಬೆಳಕಿನಲ್ಲಿ ಅದು ಮರವನ್ನು ಬಳಸಿ ಒಮ್ಮೆ, ಮತ್ತೆ ಇನ್ನಷ್ಟು ಹತ್ತಿರದಿಂದ ಒಮ್ಮೆ ಸುತ್ತಿತು. ದಾರಿ ತಪ್ಪಿದಂತೆ ಹುಲ್ಲಿನ ಬಣವೆಯ ಕಡೆಗೆ ಹೋಗಿ, ಗಾಳಿಯಲ್ಲಿ ಏನನ್ನೋ ಮರಳಿ ಹಿಡಿದಂತೆ ತಿರುಗಿ ಬಂತು. ಹಾರಾಟದಲ್ಲಿ ಯಾವ ಚೆಲುವೂ ಇರಲಿಲ್ಲ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಏಳುತ್ತ ಬೀಳುತ್ತ, ಕೊಂಬೆಗಳಿಗೆ ತಾಗುತ್ತ, ಒಂದು ಸಲ ಕೊಟ್ಟಿಗೆಯ ಕಂಬಕ್ಕೆ ಬಡಿದು ಬಂದ ಆ ಗಂಡು ಹೆಣ್ಣಿಗಿಂತ ಚಿಕ್ಕದು, ಬಣ್ಣ ಹೆಚ್ಚು ಕಡು, ಒಂದು ರೆಕ್ಕೆಯ ತುದಿಯೇ ಇರಲಿಲ್ಲ. ಎಲ್ಲೋ ದಾರಿಯಲ್ಲಿ ಬಾವಲಿಗೆ ಸುಂಕ ಕಟ್ಟಿ ಬಂದಿತ್ತು. ಫಾಬ್ರನಿಗೆ ನಲವತ್ತು, ನಮಗೆ ಒಂದು. ಅದು ಹೆಣ್ಣಿನ ಪಕ್ಕದ ಎಲೆಯನ್ನು ಹಿಡಿದುಕೊಂಡ ಮೇಲೆ ನಾವು ಟಾರ್ಚು ಆರಿಸಿದೆವು. ನನಗೆ ಆ ಕ್ಷಣದಲ್ಲಿ ನೆನಪಾದದ್ದು ಗೋಡೆಗೆ ಅಂಟಿ ಸುಮ್ಮನೆ ರೆಕ್ಕೆ ಬಡಿಯುತ್ತಿದ್ದ ಆ ಎರಡು ಬಿಳಿಯ ಚಿಟ್ಟೆಗಳು. ಅವು ಹಾರಲು ಯತ್ನಿಸುತ್ತಿವೆಯೆಂದು ನಾನು ಬಾಲ್ಯದಲ್ಲಿ ಅಂದುಕೊಂಡಿದ್ದೆ. ಅವುಗಳಲ್ಲಿ ಒಂದು ಗಂಡಾಗಿದ್ದಿರಬೇಕು. ಹೆಣ್ಣಿನ ಗಂಧ ಸಿಕ್ಕ ಗಂಡು ರೇಷ್ಮೆ ಚಿಟ್ಟೆ ರೆಕ್ಕೆ ಬಡಿಯುತ್ತಲೇ ಅದರತ್ತ ನಡೆದು ಹೋಗುತ್ತದೆ.

ಹೈಸ್ಕೂಲಿನಲ್ಲಿದ್ದಾಗ ಒಂದು ಬಿತ್ತನೆ ಕೋಠಿಯನ್ನು ನೋಡಲು ನಮ್ಮನ್ನು ಕರೆದೊಯ್ದಿದ್ದರು. ಚಿಟ್ಟೆಗಳನ್ನು ಹೊರಗೆ ಬರಲು ಬಿಡುವ ಜಾಗವೆಂದರೆ ಅದೊಂದೇ, ಮೊಟ್ಟೆ ಬೇಕಲ್ಲ. ಸಾವಿರಾರು ಜೋಡಿಗಳು ತಟ್ಟೆಗಳಲ್ಲಿ ಕೂಡಿದ್ದವು. ನಿಗದಿಯಾದ ಹೊತ್ತು ಮುಗಿದೊಡನೆ ಹೆಂಗಸರು ಅವುಗಳನ್ನು ಹುರುಳಿಕಾಯಿ ಮುರಿಯುವ ವೇಗದಲ್ಲಿ ಬಿಡಿಸಿ, ಹೆಣ್ಣುಗಳನ್ನು ಮೊಟ್ಟೆಯ ಹಾಳೆಗಳ ಮೇಲೆ ಪುಟ್ಟ ಪ್ಲಾಸ್ಟಿಕ್ ಬಟ್ಟಲುಗಳ ಕೆಳಗೆ ಮುಚ್ಚಿಡುತ್ತಿದ್ದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಟು ರೋಗದ ಕಣಗಳು ಕಂಡರೆ ಆ ಮೊಟ್ಟೆಗಳನ್ನು ಸುಡುತ್ತಾರೆ. 1865ರಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಗಾರರನ್ನು ಕಾಪಾಡಲು ಹೊರಟ ಲೂಯಿ ಪಾಶ್ಚರ್ ಕಂಡುಕೊಂಡ ವಿಧಾನವಿದು, ಇವತ್ತಿಗೂ ಬಿಟ್ಟಿಲ್ಲ. ಇದನ್ನು ಕ್ರೌರ್ಯವೆಂದು ಬರೆಯಲು ನನಗೆ ಮನಸ್ಸಿಲ್ಲ. ಆ ಪರೀಕ್ಷೆಯಿಲ್ಲದ ಮೊಟ್ಟೆ ತಂದು, ಹುಳು ನಾಲ್ಕನೆಯ ಜ್ವರದಲ್ಲಿ ಸಾಲುಸಾಲಾಗಿ ಬಿದ್ದ ಮನೆಯ ಹೆಂಗಸಿನ ಮುಖ ನೋಡಿದವರು ಹಾಗೆ ಬರೆಯುವುದಿಲ್ಲ. ನನ್ನ ಶಾಲೆಯ ಶುಲ್ಕ, ತಂಗಿಯ ಮದುವೆ, ಈಗ ನಾನು ಬರೆಯುತ್ತಿರುವ ಈ ಭಾಷೆಯ ಓದು, ಎಲ್ಲವೂ ಚಿಟ್ಟೆಯಾಗದ ಹುಳುಗಳ ಬಾಬ್ತು. ಆದರೆ ಲೆಕ್ಕವನ್ನು ಒಪ್ಪಿಕೊಳ್ಳುವುದು ಬೇರೆ, ಲೆಕ್ಕದ ಇನ್ನೊಂದು ಕಡೆಯನ್ನು ಒಮ್ಮೆ ನೋಡುವುದು ಬೇರೆ.

ಬೆಳಗಾದಾಗಲೂ ಎರಡೂ ಕೂಡಿಕೊಂಡೇ ಇದ್ದವು, ಸಂಜೆಯವರೆಗೂ. ಗೆಳೆಯನ ತಾಯಿ ಆ ದಿನ ಕೊಟ್ಟಿಗೆಯ ಹಿಂದಿನಿಂದ ಹೋಗಿಬರುವವರನ್ನೆಲ್ಲ ಇನ್ನೊಂದು ದಾರಿಗೆ ಕಳಿಸಿದರು. ಕತ್ತಲಾದ ಮೇಲೆ ಗಂಡು ಹಾರಿಹೋಯಿತು. ಹೆಣ್ಣು ಮಾರನೆಯ ಬೆಳಿಗ್ಗೆ ಅಲ್ಲಿರಲಿಲ್ಲ. ದಾಲ್ಚಿನ್ನಿಯ ಎರಡು ಎಲೆಗಳ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪನೆಯ, ನಸುಗಂದು ಮೊಟ್ಟೆಗಳು ಇದ್ದವು, ಒಂದರಲ್ಲಿ ಆರು, ಇನ್ನೊಂದರಲ್ಲಿ ಹನ್ನೊಂದು. ನಾನು ಊರಿಗೆ ಹೊರಡುವಾಗ, ಇನ್ನು ಉಪಯೋಗವಿಲ್ಲದ ಆ ಗೂಡನ್ನು ಎಲೆ ಸಮೇತ ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡೆ. ಹತ್ತು ದಿನಗಳ ಮೇಲೆ ಗೆಳೆಯ ಫೋನು ಮಾಡಿದ: ಮೊಟ್ಟೆಗಳು ಒಡೆದಿವೆ, ಮರಿಗಳು ತಮ್ಮ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತಿವೆ, ಮದ್ದನ್ನು ಆ ಮರದ ಹತ್ತಿರ ಹಾಯದಂತೆ ಹೊಡೆಸಿದ್ದೇನೆ. ಇನ್ನೊಂದು ವಾರಕ್ಕೆ ಮತ್ತೆ ಮಾಡಿದ. ಉಳಿದಿರುವುದು ಐದು, ಇರುವೆಗಳು, ಕಣಜಗಳು.

ಬಸ್ಸಿನಲ್ಲಿ ಬರುವಾಗ ಡಬ್ಬಿ ತೊಡೆಯ ಮೇಲಿತ್ತು. ತೆರಣಿಯ ಹುಳು ತನ್ನ ನೂಲನ್ನು ತನಗೇ ಸುತ್ತಿಕೊಂಡು ಸಾಯುವ ಮಾತನ್ನು ಅಕ್ಕಮಹಾದೇವಿ ಹೇಳಿದ್ದಾಳೆ. ಕನ್ನಡ ಓದಿದವರಿಗೆ ರೇಷ್ಮೆ ಹುಳುವೆಂದರೆ ಮೊದಲು ನೆನಪಾಗುವ ಚಿತ್ರವೇ ಅದು. ನಮ್ಮ ಮನೆಯ ಮಟ್ಟಿಗೆ ಅದು ಅಕ್ಷರಶಃ ನಿಜ, ಸಾಯಿಸುವ ಬಿಸಿ ನೀರು ಹುಳುವಿನದಲ್ಲ, ನಮ್ಮದು ಎಂಬ ಒಂದು ತಿದ್ದುಪಡಿಯೊಂದಿಗೆ. ಆದರೆ ಹಿಪ್ಪುನೇರಳೆಯ ಸಾಕಣೆ ನಮ್ಮ ನಾಡಿನಲ್ಲಿ ಬೇರೂರಿದ್ದು ಅವಳಿಗೆ ಆರು ಶತಮಾನಗಳ ತರುವಾಯ. ಅವಳ ಉಡುತಡಿಯಿರುವುದು ಶಿಕಾರಿಪುರದ ಕಡೆ, ಮಲೆನಾಡಿನ ಸೆರಗಿನಲ್ಲಿ. ಅವಳು ಕಂಡ ತೆರಣಿಯ ಹುಳು ಕಾಡಿನದೇ ಇರಬಹುದೆಂದು ಊಹಿಸಲು ನನಗೆ ಇಷ್ಟ. ಇದಕ್ಕೆ ಆಧಾರ ಕೇಳಬಾರದು, ಬಸ್ಸಿನಲ್ಲಿ ಕುಳಿತವನ ಊಹೆ. ಹಾಗಿದ್ದರೆ ಅವಳು ನೋಡಿದ್ದು ಬೇಸಿಗೆಯ ಯಾವುದೋ ಗಿಡದಲ್ಲಿ ತಿಂಗಳುಗಟ್ಟಲೆ ಅಲ್ಲಾಡದೆ, ಸತ್ತಂತೆ ತೂಗುತ್ತಿದ್ದ ಒಂದು ಮುಚ್ಚಿದ ಗೂಡನ್ನು. ಮಳೆ ಹಿಡಿದ ಮೇಲೆ ಅವಳು ಆ ಗಿಡದ ಹತ್ತಿರ ಮರಳಿ ಹೋಗಿರಲಾರಳು. ಅಷ್ಟು ಹೊತ್ತಿಗೆ ಬಹುದೂರ ನಡೆದುಬಿಟ್ಟಿದ್ದಳು.

ಅಮ್ಮ ಈಗಲೂ ಹುಳು ಸಾಕುತ್ತಾಳೆ. ಹುಳುಮನೆ ಬೇರೆ ಕಟ್ಟಿದ್ದೇವೆ, ತಟ್ಟೆಗಳು ಹೋಗಿ ಸ್ಟ್ಯಾಂಡುಗಳು ಬಂದಿವೆ, ಹಳದಿ ಗೂಡಿನ ಬದಲು ಬಿಳಿ ಗೂಡು. ನಾನು ಹೋದಾಗ ಹುಳು ಮೂರನೆಯ ಜ್ವರಕ್ಕೆ ಕೂತಿತ್ತು, ಹಾಗಾಗಿ ಅವಳಿಗೆ ಸ್ವಲ್ಪ ಬಿಡುವಿತ್ತು. ಜಗುಲಿಯ ಮೇಲೆ ಕುಳಿತು ಡಬ್ಬಿಯಿಂದ ಗೂಡು ತೆಗೆದು ಅವಳ ಕೈಯಲ್ಲಿಟ್ಟೆ. ಮೊದಲು ತೂಗಿ ನೋಡಿದಳು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಮೇಲ್ಮೈಯನ್ನು ಕೆರೆದು, ಎಳೆಯ ತುದಿಗಾಗಿ ಹುಡುಕಿದಳು. ಒಂದಿಷ್ಟು ನಾರು ಎದ್ದು ಬಂದು ಕಡಿಯಿತು, ಮತ್ತೊಂದು ಕಡೆ ಕೆರೆದಳು, ಅದೂ ಕಡಿಯಿತು. ‘ಇದ್ರಲ್ಲಿ ಎಳೆ ಬಿಚ್ಚಾಕಾಗಲ್ಲ ಕಣಪ್ಪ’ ಎಂದಳು. ನಂತರ ಗೂಡನ್ನು ತಿರುಗಿಸಿ ತೂತಿನೊಳಗೆ ಕಿರುಬೆರಳು ಹಾಕಿ, ಅಂಚನ್ನು ಸುತ್ತಲೂ ಸವರಿ ನೋಡಿ, ಬಹಳ ಹೊತ್ತು ಏನೂ ಹೇಳಲಿಲ್ಲ. ‘ಇದು ಒಡ್ಕೊಂಡು ಬಂದಿದ್ದಲ್ಲ. ಕಟ್ಟೋವಾಗ್ಲೇ ಬಿಟ್ಟಿರೋದು.’

ಅಂಚಿನಲ್ಲಿ ನಿಜಕ್ಕೂ ಹರಿದ ಗುರುತಿರಲಿಲ್ಲ. ಹುಳು ಒಂದು ತುದಿಯನ್ನು ಸಡಿಲವಾಗಿ, ಎಳೆಗಳ ತುದಿಗಳನ್ನಷ್ಟೇ ಸೇರಿಸಿ, ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವಂತೆ ನೂತಿತ್ತು. ನಾನು ಎರಡು ದಿನ ಕಣ್ಣಿಟ್ಟು ನೋಡಿದವನು, ಓದಿಕೊಂಡು ಬಂದವನು, ಇದನ್ನು ಗಮನಿಸಿರಲಿಲ್ಲ.

‘ಏನ್ ಸೊಪ್ಪು ತಿಂತದೆ?’ ಎಂದಳು. ಚಕ್ಕೆ ಮರದ್ದು ಎಂದೆ. ‘ಪಲಾವ್‌ಗೆ ಹಾಕೋ ಚಕ್ಕೆನಾ?’ ಎಂದು ಗೂಡನ್ನು ಮೂಸಿ ನೋಡಿ ನಕ್ಕಳು. ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದೆ. ಅಳತೆಪಟ್ಟಿ ಹಿಡಿದ ಚಿತ್ರವನ್ನು ದೊಡ್ಡದು ಮಾಡಿಸಿಕೊಂಡು, ಗಂಡಿನ ಹರಿದ ರೆಕ್ಕೆಯನ್ನು ಎರಡು ಸಲ ನೋಡಿ, ಇಷ್ಟು ದೊಡ್ಡದಾಗಬೇಕಾದರೆ ಒಂದೊಂದು ಹುಳಕ್ಕೂ ಒಂದೊಂದು ತಟ್ಟೆಯೇ ಬೇಕಾದೀತು ಎಂದಳು. ಆಮೇಲೆ ಗೂಡನ್ನು ನನ್ನ ಕೈಗೆ ಹಿಂದಿರುಗಿಸಿ, ‘ಹುಳುಮನೆ ಕಡೆ ತಗೊಂಡು ಹೋಗ್ಬೇಡ, ಕಾಡುಹುಳದ ರೋಗ ನಮ್ಮ ಹುಳಕ್ಕೆ ಅಂಟ್ಕೊಂಡಾತು’ ಎಂದು ಎಚ್ಚರಿಸಿ, ಬಚ್ಚಲ ಕಡೆ ಹೋಗಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಮೊಣಕೈವರೆಗೆ ಎರಡು ಸಲ ತೊಳೆದುಕೊಂಡು, ಜ್ವರ ಎದ್ದಿದೆಯೇ ನೋಡಲು ಒಳಗೆ ಹೋದಳು.